ಫಿಲ್ಟರ್ ಎಷ್ಟು ಕಿರಿದಿರಬೇಕು?

ಪ್ರಶ್ನೆ: ಹ್ಯಾಮ್ ರೇಡಿಯೊ ಕಲಿಯುತ್ತಿದ್ದೇನೆ. ರಿಸೀವರ್‌ನ ಫಿಲ್ಟರ್ ಕಿರಿದು ಮಾಡಿದಷ್ಟೂ ಗದ್ದಲ ಇಳಿಯುತ್ತದೆ, ಆದರೆ ಮಾತೇ ತಿಳಿಯುವುದಿಲ್ಲ. ಯಾವುದಕ್ಕೆ ಎಷ್ಟು ಇಡಬೇಕು?
– ಓದುಗರೊಬ್ಬರು, ದೇವರಗುಡ್ಡ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ನಿಮ್ಮೂರಿನ ದಸರಾ ಕಾರಣಿಕದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ನೆರೆದ ಜನವೆಲ್ಲ ಸುಮ್ಮನಾಗುತ್ತದೆ, ಅವನ ದನಿಯೊಂದೇ ಉಳಿಯುತ್ತದೆ. ಸಂಜೆಯ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಯಾರನ್ನೂ ಹಾಗೆ ಸುಮ್ಮನಿರಿಸಲಾಗದು. ಬೇಡದ್ದನ್ನು ಹೊರಗಿಡುವ ಕೆಲಸವನ್ನು ಫಿಲ್ಟರೇ ಮಾಡಬೇಕು. ಆದರೆ ಬೇಕಾದ ಸಿಗ್ನಲ್ ಎಷ್ಟು ಅಗಲವಿದೆಯೋ ಅಷ್ಟನ್ನು ಅದು ಒಳಗೆ ಬಿಡಲೇಬೇಕು. ನೀವು ಗದ್ದಲದ ಜೊತೆಗೆ ಮಾತನ್ನೂ ಕತ್ತರಿಸಿದ್ದೀರಿ.

ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಮಾತಿಗೆ 2.4 ಕಿಲೊಹರ್ಟ್ಸ್ ಇಡಿ. ಪಕ್ಕದ ಸ್ಟೇಷನ್ ಮೈಮೇಲೆ ಬಂದರೆ 1.8ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ‘ಶ’ಕಾರದ ಬಲವೆಲ್ಲ ಸುಮಾರು 2 ಕಿಲೊಹರ್ಟ್ಸ್ ದಾಟಿದ ಮೇಲಿದೆ, ‘ಸ’ಕಾರದ್ದು ಇನ್ನೂ ಮೇಲೆ. ಮಾತಿನ ಓಟದಲ್ಲಿ ಕಿವಿ ಅವನ್ನು ಊಹಿಸಿಕೊಳ್ಳುತ್ತದೆ. ಕಾಲ್‌ಸೈನ್‌ನಲ್ಲಿ ಊಹೆಗೆ ಆಧಾರವೇ ಇಲ್ಲ, ಅದಕ್ಕೇ ‘ಎಸ್’ ಎನ್ನದೆ ‘ಸಿಯೆರಾ’ ಎನ್ನುತ್ತಾರೆ.

ಮೋರ್ಸ್‌ಗೆ 500 ಹರ್ಟ್ಸ್ ಧಾರಾಳ ಸಾಕು. 2400ರಿಂದ 250ಕ್ಕೆ ಇಳಿಸಿದರೆ ಗದ್ದಲದ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, ಅಂದರೆ ಸುಮಾರು 10 ಡೆಸಿಬೆಲ್ ಲಾಭ. ದುರ್ಬಲ ಸಿಗ್ನಲ್‌ಗೆ ಇದು ದೊಡ್ಡ ವರ. ಹಾಗೆಂದು 50ಕ್ಕೆ ಇಳಿಯಬೇಡಿ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕಿಯ ಆಯಸ್ಸು 60 ಮಿಲಿಸೆಕೆಂಡು. 50 ಹರ್ಟ್ಸ್ ಫಿಲ್ಟರ್ ಏರಿ ಇಳಿಯುವುದಕ್ಕೇ 20 ಮಿಲಿಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ. ಚುಕ್ಕಿ, ಗೆರೆಗಳ ಅಂಚು ಮಸುಕಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಂತೂ ಕಷ್ಟ ಇನ್ನೂ ಹೆಚ್ಚು: ಮಿಂಚಿನ ಒಂದು ‘ಚಟ್’ ಸದ್ದು ಕಿರಿದಾದ ಫಿಲ್ಟರ್‌ನೊಳಗೆ ‘ಟಿಣ್’ ಎಂದು ಎಳೆದು, ಥೇಟ್ ಮೋರ್ಸ್‌ನ ಚುಕ್ಕಿಯಂತೆಯೇ ಕೇಳಿಸುತ್ತದೆ. ಅಂಥ ದಿನ ಫಿಲ್ಟರ್ ಅಗಲ ಮಾಡಿ, ವಾಲ್ಯೂಮ್ ತಗ್ಗಿಸಿ ಕೇಳುವುದೇ ಮೇಲು.

ಆರ್‌ಟಿಟಿವೈಗೆ (ರೇಡಿಯೊ ಟೆಲಿಟೈಪ್) 300ರಿಂದ 500 ಹರ್ಟ್ಸ್ ಬೇಕು, ಅದರ ಎರಡು ಸ್ವರಗಳ ನಡುವಿನ ಅಂತರವೇ 170. 2 ಮೀಟರ್ ಬ್ಯಾಂಡಿನ ಎಫ್‌ಎಂಗೆ 12ರಿಂದ 15 ಕಿಲೊಹರ್ಟ್ಸ್. ಅದನ್ನು ಹಿಂಡಿದರೆ ದನಿ ಒಡೆಯುತ್ತದೆ.

ಕಂಪ್ಯೂಟರ್ ಮೂಲಕ ನಡೆಯುವ ಎಫ್‌ಟಿ8 ಮಾತ್ರ ಹೊಸಬರ ದಾರಿ ತಪ್ಪಿಸುತ್ತದೆ. ಸಿಗ್ನಲ್ ಅಗಲ ಬರೀ 50 ಹರ್ಟ್ಸ್, ಆದರೂ ಫಿಲ್ಟರ್ ಅನ್ನು 3 ಕಿಲೊಹರ್ಟ್ಸ್‌ಗೆ ತೆರೆದಿಡಿ. ಒಳಗೆ ಬಂದ ಹತ್ತಾರು ಸ್ಟೇಷನ್‌ಗಳನ್ನು ಕಂಪ್ಯೂಟರೇ ಬೇರ್ಪಡಿಸಿ ಓದುತ್ತದೆ. ಕಿರಿದು ಮಾಡಿದರೆ ನಿಮ್ಮನ್ನು ಕರೆಯುತ್ತಿರುವವರೇ ಪರದೆಯಿಂದ ಮಾಯವಾದಾರು.

ಫಿಲ್ಟರ್ ಕಿರಿದಾದಂತೆ ಏನೇನು ಕಳೆದುಹೋಗುತ್ತದೆ ಎಂಬುದು ಕಿವಿಗೆ ಮನದಟ್ಟಾಗಬೇಕಾದರೆ ಎಎಂನಲ್ಲಿ 765 ಕಿಲೊಹರ್ಟ್ಸ್‌ಗೆ ಧಾರವಾಡ ಆಕಾಶವಾಣಿ ಹಚ್ಚಿ. ಎಎಂನಲ್ಲಿ ಒಂದೇ ಮಾತು ಎರಡೂ ಮಗ್ಗುಲಿಗೆ ಹರಡಿರುವುದರಿಂದ ಎಸ್‌ಎಸ್‌ಬಿಗಿಂತ ಎರಡು ಪಟ್ಟು ಜಾಗ ಬೇಕು. ಮೊದಲು 9 ಕಿಲೊಹರ್ಟ್ಸ್, ಆಮೇಲೆ 6, ಕೊನೆಗೆ 3 ಇಟ್ಟು ಒಂದೇ ಹಾಡು ಕೇಳಿ. ತಾಳದ ಕಿಣಿಕಿಣಿ ಮೊದಲು ಹೋಗುತ್ತದೆ, ಆಮೇಲೆ ವ್ಯಂಜನಗಳ ಮೊನೆ.