ಹಿಮ್ಮಡಿ ನೋವು: ಅಂಗಾಲನ್ನು ನೀವುವ ಕ್ರಮ

ಮುಂಜಾನೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವುದುಂಟೆ? ನಾಲ್ಕಾರು ಹೆಜ್ಜೆ ನಡೆದ ಮೇಲೆ ಕಡಿಮೆಯಾದ ನೋವು, ದುಡಿಮೆ ಮುಗಿಯುವ ಹೊತ್ತಿಗೆ ಮರುಕಳಿಸುವುದುಂಟೆ? ಹಾಗಿದ್ದಲ್ಲಿ ಪತಿಪತ್ನಿಯರಿಬ್ಬರೂ ಈ ಪಾಠವನ್ನು ಕೂಡಿ ಓದಿರಿ.

ನೋವಿಗೆ ಕಾರಣ

ಹಿಮ್ಮಡಿಯ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪನಾದ ತಂತುಪಟ್ಟಿಯೊಂದಿದೆ. ವೈದ್ಯರು ಇದನ್ನು ಪ್ಲಾಂಟಾರ್ ಫೇಸಿಯಾ ಎನ್ನುತ್ತಾರೆ. ಬಿಲ್ಲಿಗೆ ಹೆದೆಯಿರುವಂತೆ ಇದು ಪಾದದ ಕಮಾನನ್ನು ಹಿಡಿದಿರುತ್ತದೆ. ದಿನವೂ ಅತಿಯಾದ ಭಾರ ಬಿದ್ದರೆ, ಹಿಮ್ಮಡಿಗೆ ಸೇರುವ ಜಾಗದಲ್ಲಿ ಈ ಪಟ್ಟಿ ಸವೆದು ನೋಯುತ್ತದೆ. ರಾತ್ರಿ ಬಿಗಿದುಕೊಂಡ ಪಟ್ಟಿಯು ಬೆಳಗ್ಗೆ ಒಮ್ಮೆಗೇ ಹಿಗ್ಗಬೇಕಾಗುವುದರಿಂದ ಮೊದಲ ಹೆಜ್ಜೆಯೇ ಹೆಚ್ಚು ಯಾತನೆ ಕೊಡುತ್ತದೆ.

ಚನ್ನಗಿರಿಯಲ್ಲಿ ದಿನವಿಡೀ ನಿಂತು ಅಡಿಕೆ ಬೇಯಿಸುವವರು, ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತ, ಮೆಕ್ಕೆಜೋಳದ ಹೊರೆ ಹೊರುವವರು, ಜಗಳೂರಿನ ಗಟ್ಟಿ ನೆಲದಲ್ಲಿ ಬರಿಗಾಲಿನಲ್ಲಿ ನೀರಿನ ಕೊಡ ಹೊತ್ತು ನಡೆಯುವವರು ಈ ನೋವಿಗೆ ಸುಲಭವಾಗಿ ತುತ್ತಾಗುತ್ತಾರೆ. ಸ್ಥೂಲ ದೇಹ, ಗರ್ಭಿಣಿಯರಲ್ಲಿ ಹೆಚ್ಚುವ ತೂಕ ಮತ್ತು ಬಿಗಿದ ಮೀನಖಂಡಗಳೂ ಕಾರಣವಾಗುತ್ತವೆ. ಎಕ್ಸ್-ರೇಯಲ್ಲಿ ಹಿಮ್ಮಡಿಯ ಮೂಳೆ ಬೆಳೆದಂತೆ ಕಂಡರೆ ಹೆದರಬೇಡಿರಿ. ಅಂತಹ ಬೆಳವಣಿಗೆಯಿದ್ದೂ ನೋವಿಲ್ಲದವರು ಅನೇಕರಿದ್ದಾರೆ.

ನೀವುವ ವಿಧಾನ

1. ಕುಳಿತು, ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲಿಡಿರಿ. ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಬಾಗಿಸಿ, ಹತ್ತು ಎಣಿಸುವವರೆಗೆ ಹಿಡಿದು ಬಿಡಿರಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ವೇಳೆ ಮಾಡಿರಿ. ಮೊದಲನೆಯ ವೇಳೆ, ಬೆಳಗ್ಗೆ ನೆಲಕ್ಕೆ ಕಾಲಿಡುವ ಮುನ್ನವೇ ಆಗಬೇಕು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೀನಖಂಡದ ಕಡೆಯನ್ನು ಮಾತ್ರ ಹಿಗ್ಗಿಸಿದವರಿಗಿಂತ ಹೀಗೆ ಅಂಗಾಲಿನ ಪಟ್ಟಿಯನ್ನೇ ಹಿಗ್ಗಿಸಿದವರಿಗೆ ಎಂಟು ವಾರಗಳಲ್ಲಿ ಹೆಚ್ಚಿನ ಉಪಶಮನ ದೊರೆಯಿತು.

2. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಎರಡೂ ಹೆಬ್ಬೆರಳುಗಳಿಂದ ಹಿಮ್ಮಡಿಯಿಂದ ಬೆರಳುಗಳ ಬುಡದತ್ತ ನಿಧಾನವಾಗಿ ನೀವಿರಿ. ಸುಮಾರು ಐದು ನಿಮಿಷ ಸಾಕು. ಹಿತವಾದ ನೋವಿನ ಮಟ್ಟವನ್ನು ಒತ್ತಡವು ಮೀರಬಾರದು. ಎಣ್ಣೆಯ ಕೆಲಸ ಕೈ ಜಾರಿಸುವುದಷ್ಟೇ. ದುಬಾರಿ ತೈಲ ಕೊಳ್ಳಬೇಕಾಗಿಲ್ಲ.

3. ಮೀನಖಂಡವನ್ನೂ ಕೆಳಗಿನಿಂದ ಮೇಲಕ್ಕೆ ನೀವಿರಿ. ಬಳಿಕ ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಅರ್ಧ ನಿಮಿಷ ನಿಲ್ಲಿರಿ. ಮೂರು ಸಲ ಮಾಡಿರಿ.

4. ಸಂಜೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಮ್ಮಡಿಗೆ ಹತ್ತು ನಿಮಿಷ ಸುತ್ತಿರಿ.

ಅಟ್ಟೆ ಸವೆದ ಚಪ್ಪಲಿಯನ್ನು ಬಿಟ್ಟು, ಹಿಮ್ಮಡಿಯ ಕಡೆ ಮೆತ್ತಗಿರುವ ಪಾದರಕ್ಷೆಯನ್ನು ಮನೆಯೊಳಗೂ ಬಳಸಿರಿ. ನೋವು ವಾರದಲ್ಲಿ ಮಾಯವಾಗದು. ಆದರೆ ಈ ಕ್ರಮವನ್ನು ಬಿಡದೆ ಪಾಲಿಸಿದರೆ, ಹೆಚ್ಚಿನವರು ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣ ಹೊಂದುತ್ತಾರೆ.

ಎಚ್ಚರಿಕೆಗಳು

ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದು ನಮ್ಮಲ್ಲಿ ರೂಢಿ. ಆದರೆ ಬಸುರಿಯ ಅಥವಾ ಬಾಣಂತಿಯ ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಎಂದಿಗೂ ತಿಕ್ಕಕೂಡದು. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಕರೆತನ್ನಿರಿ.

ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿ ಊರುವ ಪದ್ಧತಿಯೂ ಉಂಟು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರಬಹುದು. ಅವರಿಗೆ ಸುಟ್ಟದ್ದೂ ತಿಳಿಯದು, ಸುಟ್ಟ ಗಾಯ ಬೇಗ ಮಾಯದು. ಅವರು ಈ ಪದ್ಧತಿಗೆ ಕೈಹಾಕಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು.

ಪಾದ ಜೋಮು ಹಿಡಿದರೆ, ಊದಿ ಕೆಂಪಾದರೆ, ಜ್ವರ ಬಂದರೆ, ಪೆಟ್ಟು ಬಿದ್ದು ಹೆಜ್ಜೆಯೂರಲಾಗದಿದ್ದರೆ, ಅಥವಾ ಆರು ವಾರಗಳಾದರೂ ನೋವು ತಗ್ಗದಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಅಗತ್ಯವಿದ್ದಲ್ಲಿ ಅವರು ತಾಲ್ಲೂಕು ಆಸ್ಪತ್ರೆಗೆ ಅಥವಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವರು.

ದಂಪತಿಗಳಿಗೆ ಒಂದು ಮಾತು

ಗಂಡನ ಕಾಲನ್ನು ಹೆಂಡತಿ ಒತ್ತುವುದು ಸಹಜವೆಂದೂ, ಹೆಂಡತಿಯ ಕಾಲನ್ನು ಗಂಡ ಮುಟ್ಟುವುದು ತಪ್ಪೆಂದೂ ಭಾವಿಸುವವರಿದ್ದಾರೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಹೆಣ್ಣಿಗೆ ತನ್ನ ಪಾದ ತನಗೇ ಎಟುಕದು. ಆಗ ಅದನ್ನು ನೀವಬೇಕಾದವರು ಯಾರು? ನೋವಿಗೆ ಗಂಡುಹೆಣ್ಣೆಂಬ ಭೇದವಿಲ್ಲ, ಆರೈಕೆಗೂ ಇರಬಾರದು. ಪತಿಯು ದಿನಕ್ಕೆ ಐದು ನಿಮಿಷ ಪತ್ನಿಯ ಅಂಗಾಲನ್ನು ನೀವಲಿ, ಎರಡು ಕೊಡ ನೀರನ್ನು ತಾನೇ ತರಲಿ. ಹೊರೆ ಇಳಿದಷ್ಟೂ ಹಿಮ್ಮಡಿ ಬೇಗ ಗುಣವಾಗುವುದು, ಸಂಸಾರವೂ ಸುಗಮವಾಗಿ ಸಾಗುವುದು.