ಜೀವಕೋಶಗಳ ಬೆಸುಗೆ

ನಮ್ಮ ಶರೀರವು ಅಸಂಖ್ಯ ಜೀವಕೋಶಗಳ ಸಮೂಹವೆಂದು ಓದಿದ್ದೇವೆ. ಆದರೆ ಅಂಗೈಗಳನ್ನು ಬಲವಾಗಿ ಉಜ್ಜಿದರೂ ಚರ್ಮವು ಮರಳಿನ ರಾಶಿಯಂತೆ ಚದುರಿಹೋಗದು. ಇದಕ್ಕೆ ಕಾರಣವೇನು?

1907ರಲ್ಲಿ ಅಮೆರಿಕದ ವಿಜ್ಞಾನಿ ಎಚ್. ವಿ. ವಿಲ್ಸನ್ ಅವರು ಸಮುದ್ರದ ಸ್ಪಂಜುಪ್ರಾಣಿಯನ್ನು ನವುರಾದ ರೇಷ್ಮೆಬಟ್ಟೆಯ ಮೂಲಕ ಹಿಂಡಿ, ಅದರ ಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿದರು. ಅವು ಸಮುದ್ರದ ನೀರಿನಲ್ಲಿ ಮತ್ತೆ ಒಂದುಗೂಡಿ ಹೊಸ ಸ್ಪಂಜಾಗಿ ಬೆಳೆದವು! ಪರಸ್ಪರ ಅಂಟಿಕೊಳ್ಳುವ ಶಕ್ತಿಯು ಕೋಶಗಳಿಗೆ ಉಂಟೆಂಬುದು ಇದರಿಂದ ವಿದಿತವಾಯಿತು.

ಈ ಶಕ್ತಿಯು ಮುಖ್ಯವಾಗಿ ಕೋಶಪೊರೆಯ ಪ್ರೋಟೀನುಗಳದು. ಅವುಗಳಲ್ಲಿ ಒಂದಾದ ಕ್ಯಾಡ್ಹೆರಿನ್ನನ್ನು ಜಪಾನಿನ ಮಸಾತೋಶಿ ಟಕೀಚಿಯವರು ಕಂಡುಹಿಡಿದರು. ಇದು ನೆರೆಯ ಕೋಶಗಳನ್ನು ಬೆಸೆಯುತ್ತದೆ. ಇದರ ಹಿಡಿತಕ್ಕೆ ಕ್ಯಾಲ್ಸಿಯಂ ಅವಶ್ಯಕ. ಅದನ್ನು ತೆಗೆದರೆ ಬೆಸುಗೆಯು ಸಡಿಲವಾಗುತ್ತದೆ. ಒಂದೇ ಬಗೆಯ ಕ್ಯಾಡ್ಹೆರಿನ್ ಉಳ್ಳ ಕೋಶಗಳು ಹೆಚ್ಚಾಗಿ ತಮ್ಮತಮ್ಮಲ್ಲೇ ಕೂಡುವುದರಿಂದ, ಭ್ರೂಣದಲ್ಲಿ ಅಂಗಾಂಶಗಳು ವಿಂಗಡವಾಗಲು ಸಹಾಯವಾಗುತ್ತದೆ.

ಕೋಶಗಳ ಸುತ್ತ ಕೊಲ್ಯಾಜೆನ್ ಮೊದಲಾದ ಎಳೆಗಳ ಹಾಸು ಇರುತ್ತದೆ. ಇಂಟೆಗ್ರಿನ್ ಎಂಬ ಪ್ರೋಟೀನು ಪೊರೆಯನ್ನು ಹಾಯ್ದು, ಇತರ ಪ್ರೋಟೀನುಗಳ ನೆರವಿನಿಂದ ಈ ಹಾಸನ್ನೂ ಕೋಶದೊಳಗಿನ ಎಳೆಗಳನ್ನೂ ಜೋಡಿಸುತ್ತದೆ. ತನಗೆ ನೆಲೆ ದೊರೆತಿದೆಯೆಂಬ ಸಂದೇಶವೂ ಕೋಶಕ್ಕೆ ಇದೇ ಕೊಂಡಿಯ ಮೂಲಕ ಮುಟ್ಟುತ್ತದೆ. ನೆಲೆ ತಪ್ಪಿದರೆ ಅನೇಕ ಬಗೆಯ ಕೋಶಗಳು ತಾವಾಗಿಯೇ ಸಾಯುತ್ತವೆ.

ಬೆಸುಗೆ ಕೆಟ್ಟರೆ ಅಪಾಯ ತಪ್ಪಿದ್ದಲ್ಲ. ಪೆಂಫಿಗಸ್ ಎಂಬ ರೋಗದಲ್ಲಿ ದೇಹದ ಪ್ರತಿಕಾಯಗಳೇ ಚರ್ಮದ ಕೋಶಗಳ ಕೊಂಡಿಗಳ ಮೇಲೆರಗಿ ಬೊಕ್ಕೆಗಳನ್ನು ಎಬ್ಬಿಸುತ್ತವೆ. ಹಲವು ಕ್ಯಾನ್ಸರುಗಳಲ್ಲಿ ಕ್ಯಾಡ್ಹೆರಿನ್ ಕುಂದಿ, ಕೋಶಗಳು ನೆರೆಯನ್ನು ತೊರೆದು, ನೆಲೆಯಿಲ್ಲದೆಯೂ ಬದುಕಿ, ದೂರದ ಅಂಗಗಳನ್ನು ಸೇರುತ್ತವೆ. ಆದುದರಿಂದಲೇ ಈ ಸೂಕ್ಷ್ಮ ಬೆಸುಗೆಯ ಅಭ್ಯಾಸವು ವೈದ್ಯಶಾಸ್ತ್ರಕ್ಕೆ ಇಷ್ಟು ಮಹತ್ವದ್ದಾಗಿದೆ.