ಸಾಂಕ್ರಾಮಿಕದ ಕಾಲದಲ್ಲಿ ಬಲಿಪೂಜೆ: ಧರ್ಮಕೇಂದ್ರಗಳು ಪಾಲಿಸಬೇಕಾದ ಕ್ರಮಗಳು

ಕೋವಿಡ್ ಸೋಂಕು 2020ರ ಮಾರ್ಚ್ ತಿಂಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಕಾಲಿಟ್ಟಾಗ ಮೊದಲು ಕಾಣಿಸಿಕೊಂಡದ್ದು ಗೌರಿಬಿದನೂರಿನಲ್ಲಿ. ಅದೇ ತಿಂಗಳ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಗಿ, ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆಯ ಕಥೋಲಿಕ ದೇವಾಲಯಗಳಲ್ಲಿಯೂ ಜನರು ಕೂಡಿ ನಡೆಸುವ ಆರಾಧನೆ ನಿಂತಿತು, ಏಪ್ರಿಲ್ 12ರ ಪಾಸ್ಖ ಹಬ್ಬ ಭಕ್ತರ ಸಭೆಯಿಲ್ಲದೆಯೇ ಕಳೆಯಿತು. ಕೇಂದ್ರ ಆರೋಗ್ಯ ಸಚಿವಾಲಯವು ಜೂನ್ 4ರಂದು ಮಾರ್ಗಸೂಚಿ ಹೊರಡಿಸಿದ ಮೇಲೆ, ಜೂನ್ 8ರಿಂದ ಪೂಜಾಸ್ಥಳಗಳನ್ನು ತೆರೆಯಲು ಅವಕಾಶ ದೊರೆಯಿತು. ಆಗ ಅವಸರದಲ್ಲಿ ಕಲಿತದ್ದನ್ನು ಮುಂದಿನ ಸಾಂಕ್ರಾಮಿಕಕ್ಕೆ ಮುನ್ನವೇ ಕ್ರಮವಾಗಿ ತಿಳಿದಿಟ್ಟುಕೊಳ್ಳುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಧರ್ಮಕೇಂದ್ರಗಳಿಗೆ ಅಗತ್ಯ.

ಮನೆಯಲ್ಲೇ ಉಳಿಯಬೇಕಾದವರು

ಜ್ವರ, ಕೆಮ್ಮು ಅಥವಾ ಗಂಟಲುನೋವು ಇರುವವರನ್ನು, ಅಂಥವರ ಮನೆಯವರನ್ನು ದೇವಾಲಯಕ್ಕೆ ಬಾರದಂತೆ ಕೇಳಿಕೊಳ್ಳುವುದು ಮೊದಲ ಹೆಜ್ಜೆ. 65 ವರ್ಷ ಮೀರಿದವರು, ದೀರ್ಘಕಾಲದ ಕಾಯಿಲೆಯವರು, ಗರ್ಭಿಣಿಯರು ಹಾಗೂ 10 ವರ್ಷದೊಳಗಿನ ಮಕ್ಕಳು ಮನೆಯಲ್ಲಿಯೇ ಇರುವುದು ಒಳ್ಳೆಯದೆಂದು 2020ರ ಮಾರ್ಗಸೂಚಿಯೂ ಸಲಹೆ ನೀಡಿತ್ತು. ಆದರೆ ಭಾನುವಾರದ ಪೂಜೆ ತಪ್ಪಿಸುವುದು ಪಾಪವೆಂಬ ಅಳುಕಿನಿಂದ ಜ್ವರವನ್ನು ಮುಚ್ಚಿಟ್ಟುಕೊಂಡು ಬರುವವರು, ವಿಶೇಷವಾಗಿ ಹಿರಿಯರು, ಇದ್ದೇ ಇರುತ್ತಾರೆ. ಗುರುಗಳು ಇವರಿಗೆ ಧರ್ಮಸಭೆಯ ಕಾನೂನನ್ನೇ ತೋರಿಸಿ ಹೇಳಬೇಕು. 1983ರ ಧರ್ಮಸಭಾ ಕಾನೂನು ಸಂಹಿತೆಯ 1248ನೆಯ ವಿಧಿಯು, ಗಂಭೀರ ಕಾರಣದಿಂದ ಬಲಿಪೂಜೆಯಲ್ಲಿ ಭಾಗವಹಿಸಲಾಗದವರು ಒಬ್ಬರೇ ಆಗಲಿ, ಕುಟುಂಬವಾಗಿ ಅಥವಾ ಕೆಲವು ಕುಟುಂಬಗಳು ಸೇರಿಯಾಗಲಿ ಪ್ರಾರ್ಥನೆಯಲ್ಲಿ ತಕ್ಕಷ್ಟು ಹೊತ್ತು ಕಳೆಯಲಿ ಎಂದು ಬಲವಾಗಿ ಶಿಫಾರಸು ಮಾಡುತ್ತದೆ. ಸೋಂಕಿನ ಕಾಲದಲ್ಲಿ ಇದು ಒಂದೇ ಮನೆಯವರ ಪ್ರಾರ್ಥನೆಯಾಗಿರಬೇಕು. ಅಂದಿನ ಸುವಾರ್ತೆಯನ್ನು ಓದಿ, ಜಪಸರ ಹೇಳಿ, ಪರಮಪ್ರಸಾದವನ್ನು ಕೈಯಲ್ಲಿ ಪಡೆಯಲಾಗದಿದ್ದರೂ ಕ್ರಿಸ್ತನನ್ನು ಮನಸ್ಸಿನಲ್ಲಿ ಬರಮಾಡಿಕೊಳ್ಳುವ ‘ಆತ್ಮಿಕ ಪರಮಪ್ರಸಾದ’ದ ಪ್ರಾರ್ಥನೆಯೊಂದಿಗೆ ಮುಗಿಸಬಹುದು. ಈ ತಾಲ್ಲೂಕುಗಳಲ್ಲಿ ತೆಲುಗು ಮನೆಮಾತಿನವರೂ ಬಹಳ ಮಂದಿ ಇರುವುದರಿಂದ ಸೂಚನೆಗಳು ಕನ್ನಡದೊಂದಿಗೆ ತೆಲುಗಿನಲ್ಲಿಯೂ ಇರುವುದು ಮೇಲು.

ದೇವಾಲಯದ ಸಿದ್ಧತೆ

ಪೂಜೆಗೆ ಮೊದಲು ಎಲ್ಲ ಬಾಗಿಲು ಕಿಟಕಿಗಳನ್ನು ತೆರೆದು, ಪೂಜೆ ಮುಗಿಯುವವರೆಗೂ ತೆರೆದೇ ಇಡಬೇಕು. ಉಸಿರಿನ ಸೂಕ್ಷ್ಮ ಹನಿಗಳಿಂದ ಹರಡುವ ರೋಗಕ್ಕೆ ಮುಚ್ಚಿದ ಕೋಣೆಯೇ ಅನುಕೂಲ, ಆದ್ದರಿಂದ ನೆಲ ತೊಳೆಯುವುದಕ್ಕಿಂತ ಗಾಳಿಯಾಡಿಸುವುದು ಹೆಚ್ಚು ಫಲಕಾರಿ. ದೇವಾಲಯ ಚಿಕ್ಕದಾಗಿದ್ದು ಅಂಗಳ ದೊಡ್ಡದಾಗಿದ್ದರೆ ಬಲಿಪೂಜೆಯನ್ನು ಹೊರಗೆ ನಡೆಸುವುದೇ ಲೇಸು. ಇದು ಹೊಸ ಪದ್ಧತಿಯೇನಲ್ಲ. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಡಿದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೊ ಅವರು ಬೀದಿಗಳು ಕೂಡುವಲ್ಲಿ ಪೀಠಗಳನ್ನು ಕಟ್ಟಿಸಿ, ಮನೆಗಳಲ್ಲಿ ಬಂಧಿಗಳಾಗಿದ್ದ ಜನರು ಕಿಟಕಿಯಿಂದಲೇ ಪೂಜೆಯನ್ನು ಕಾಣುವಂತೆ ಮಾಡಿದ್ದರು.

ಕುಳಿತುಕೊಳ್ಳುವ ಜಾಗಗಳ ನಡುವೆ ಆರು ಅಡಿ ಅಂತರ ಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಜನ ಹೆಚ್ಚಿದ್ದರೆ ಭಾನುವಾರ ಒಂದು ಪೂಜೆಯ ಬದಲು ಎರಡು ಇಟ್ಟುಕೊಳ್ಳಬಹುದು. ಪ್ರವೇಶದ್ವಾರದ ತೀರ್ಥದ ಬಟ್ಟಲನ್ನು ಬರಿದು ಮಾಡಿ, ಅದರ ಬಳಿಯಲ್ಲಿ ಸೋಪು ಮತ್ತು ನಲ್ಲಿ ನೀರನ್ನು ಒದಗಿಸಬೇಕು. ಸ್ಯಾನಿಟೈಸರ್‌ನಲ್ಲಿ ಆಲ್ಕೊಹಾಲ್ ಇರುವುದರಿಂದ, ಅದನ್ನು ಹಚ್ಚಿಕೊಂಡವರು ಕೈ ಪೂರ್ತಿ ಒಣಗುವ ಮುನ್ನ ಮೇಣದಬತ್ತಿ ಹಚ್ಚಕೂಡದು. ಮೇಣದಬತ್ತಿಯ ಸ್ಥಳವನ್ನೂ ಸ್ಯಾನಿಟೈಸರ್ ಇಡುವ ಸ್ಥಳವನ್ನೂ ದೂರ ದೂರ ಇಡದಿದ್ದರೆ ಅನಾಹುತಕ್ಕೆ ದಾರಿಯಾದೀತು.

ಶುಚಿಗೊಳಿಸುವ ವಿಷಯದಲ್ಲಿ ಶಿಡ್ಲಘಟ್ಟ ಸುತ್ತಿನ ರೇಷ್ಮೆ ಕೃಷಿಕರಿಗೆ ಹೊಸದಾಗಿ ಹೇಳಿಕೊಡಬೇಕಾದದ್ದು ಕಡಿಮೆ. ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದಿಂದ ಸೋಂಕುರಹಿತಗೊಳಿಸಿ, ಕೈಕಾಲು ತೊಳೆಯದೆ ಒಳಗೆ ಹೋಗದಿರುವ ಶಿಸ್ತನ್ನು ಅವರು ಪ್ರತಿ ಬೆಳೆಗೂ ಪಾಲಿಸುತ್ತಾರೆ, ದೇವಾಲಯಕ್ಕೂ ಅದೇ ಶಿಸ್ತು ಬೇಕು. ನೆಲಕ್ಕೆ ಮತ್ತು ಬೆಂಚುಗಳಿಗೆ ಶೇ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಸಾಕು. ಶೇ 5ರ ದ್ರಾವಣ ಸಿಕ್ಕಿದರೆ ಅದರ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು ಬೆರೆಸಬೇಕು. ಇದನ್ನು ಆ್ಯಸಿಡ್ ಜೊತೆ ಎಂದೂ ಸೇರಿಸಬಾರದು, ಏಕೆಂದರೆ ವಿಷಾನಿಲ ಹೊರಡುತ್ತದೆ. ಲೋಹವನ್ನು ಸವೆಸುವ ಗುಣವಿರುವುದರಿಂದ ಪೂಜಾಪಾತ್ರೆಗಳಿಗೆ ಬಳಸದೆ, ಅವನ್ನು ಸೋಪು ನೀರಿನಲ್ಲಿ ತೊಳೆಯಬೇಕು.

ಬಲಿಪೂಜೆಯಲ್ಲಿ

ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ ರಕ್ತಗಳಾಗುತ್ತವೆಂದು ಕಥೋಲಿಕರು ನಂಬುವ ಬಲಿಪೂಜೆಯಲ್ಲಿ ಸೋಂಕು ದಾಟಬಹುದಾದ ಸಂದರ್ಭಗಳು ಮುಖ್ಯವಾಗಿ ಮೂರು: ಹಾಡು, ಶಾಂತಿವಿನಿಮಯ ಮತ್ತು ಪರಮಪ್ರಸಾದ ವಿತರಣೆ. ಗಟ್ಟಿಯಾಗಿ ಹಾಡುವಾಗ ಉಸಿರಿನ ಹನಿಗಳು ಹೆಚ್ಚಾಗಿ ಹೊರಬೀಳುವುದರಿಂದ ಗಾನವೃಂದವನ್ನು ಕೈಬಿಟ್ಟು, ಅಂತರದಲ್ಲಿ ನಿಂತ ಒಬ್ಬರೇ ಹಾಡುವುದು ಅಥವಾ ಧ್ವನಿಮುದ್ರಿತ ಗೀತೆ ಬಳಸುವುದು ಸರಿ. ಶಾಂತಿವಿನಿಮಯಕ್ಕೆ ಕೈಕುಲುಕುವ ಅಗತ್ಯವೇ ಇಲ್ಲ. ಭಾರತದ ಆರಾಧನೆಗೆ ರೋಮ್ 1969ರಲ್ಲಿ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಅಂಜಲಿಹಸ್ತ, ಅಂದರೆ ಕೈಜೋಡಿಸಿ ನಮಸ್ಕರಿಸುವುದು, ಶಾಂತಿಯ ಸಂಕೇತವಾಗಿ ಸೇರಿದೆ. ಪವಿತ್ರ ವಸ್ತುವನ್ನು ಚುಂಬಿಸುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನೂ ಆ ಅಂಶಗಳು ಒಪ್ಪಿವೆ, ಆದರೆ ಸೋಂಕಿನ ದಿನಗಳಲ್ಲಿ ಆ ಸ್ಪರ್ಶವನ್ನೂ ಬಿಟ್ಟು ತಲೆಬಾಗಿದರೆ ಸಾಕು.

ಪರಮಪ್ರಸಾದ ನೀಡುವ ಮುನ್ನ ಗುರುಗಳು ಮಾಸ್ಕ್ ಧರಿಸಿ ಕೈ ಶುಚಿಗೊಳಿಸಿಕೊಳ್ಳಬೇಕು. ಭಕ್ತರು ಅಂತರ ಕಾಯ್ದು ಬಂದು, ಅಂಗೈ ಚಾಚಿ ಮೌನವಾಗಿ ಸ್ವೀಕರಿಸಿ, ಪಕ್ಕಕ್ಕೆ ಸರಿದ ನಂತರವಷ್ಟೇ ಮಾಸ್ಕ್ ಇಳಿಸಿ ಸೇವಿಸಬೇಕು. ನಾಲಿಗೆಯ ಮೇಲೆ ಸ್ವೀಕರಿಸುವ ಪದ್ಧತಿಯೂ ಧರ್ಮಸಭೆಯಲ್ಲಿ ಮಾನ್ಯವೇ, ಅದನ್ನು ಅಷ್ಟು ದಿನ ಬಿಡುವುದರಿಂದ ಭಕ್ತಿ ಕುಂದುವುದಿಲ್ಲ. ಒಂದೇ ಪಾತ್ರೆಯಿಂದ ಹಲವರು ದ್ರಾಕ್ಷಾರಸ ಸ್ವೀಕರಿಸುವುದನ್ನು ಸಂಪೂರ್ಣ ನಿಲ್ಲಿಸಬೇಕು. ರೊಟ್ಟಿಯ ರೂಪವೊಂದರಲ್ಲಿಯೇ ಕ್ರಿಸ್ತ ಪೂರ್ಣವಾಗಿ ಇರುತ್ತಾನೆಂಬುದು ಕಥೋಲಿಕ ಬೋಧನೆ.

ತಪಸ್ಸುಕಾಲದ ಆಚರಣೆಗಳಿಗೆ ವ್ಯಾಟಿಕನ್ನೇ ಮಾದರಿ ತೋರಿಸಿದೆ. 2020ರ ಮಾರ್ಚ್ 25ರ ಆದೇಶದಂತೆ ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಯನ್ನು ಕೈಬಿಡಲಾಯಿತು, ಶುಭ ಶುಕ್ರವಾರ ಶಿಲುಬೆಯನ್ನು ಗುರುಗಳೊಬ್ಬರೇ ಚುಂಬಿಸಿದರು. 2021ರ ಬೂದಿ ಬುಧವಾರಕ್ಕೆ, ಪ್ರಾರ್ಥನೆಯನ್ನು ಎಲ್ಲರಿಗೂ ಸೇರಿಸಿ ಒಮ್ಮೆ ಮಾತ್ರ ಹೇಳಿ, ಆಮೇಲೆ ಕೈ ಶುಚಿಮಾಡಿಕೊಂಡು ಮಾಸ್ಕ್ ಧರಿಸಿ ಮಾತಿಲ್ಲದೆ ಬೂದಿ ಹಾಕಬೇಕೆಂಬ ಕ್ರಮ ಬಂತು.

ಪಾಪನಿವೇದನೆ ಮತ್ತು ರೋಗಿಗಳ ಅಭ್ಯಂಗ

ಇಕ್ಕಟ್ಟಾದ ಪಾಪನಿವೇದನೆಯ ಪೀಠವನ್ನು ಬಿಟ್ಟು, ಗಾಳಿಯಾಡುವ ಜಾಗದಲ್ಲಿ, ಮಾತು ಇತರರಿಗೆ ಕೇಳಿಸದಷ್ಟು ದೂರದಲ್ಲಿ, ಇಬ್ಬರೂ ಮಾಸ್ಕ್ ಧರಿಸಿ ಕೂರಬೇಕು. ಫೋನ್ ಮೂಲಕ ಪಾಪಕ್ಷಮೆಯ ಸಂಸ್ಕಾರ ನಡೆಯುವುದಿಲ್ಲ. ಗುರುಗಳನ್ನು ಕಾಣಲಾಗದವರು ದೇವರ ಮೇಲಿನ ಪ್ರೀತಿಯಿಂದ ಪೂರ್ಣ ಪಶ್ಚಾತ್ತಾಪ ಪಟ್ಟು, ಸಾಧ್ಯವಾದ ಕೂಡಲೇ ಪಾಪನಿವೇದನೆ ಮಾಡುವ ದೃಢಸಂಕಲ್ಪ ತಳೆದರೆ ಕ್ಷಮೆ ದೊರೆಯುತ್ತದೆಂದು 2020ರ ಮಾರ್ಚ್‌ನಲ್ಲಿ ವ್ಯಾಟಿಕನ್ ನೆನಪಿಸಿತು. ಸಾವಿನ ಭಯದಲ್ಲಿ ಒಂಟಿಯಾಗಿ ಮಲಗಿದ ರೋಗಿಗೆ ಈ ಮಾತನ್ನು ಯಾರಾದರೂ ತಲುಪಿಸಲೇಬೇಕು. ಆಸ್ಪತ್ರೆಯ ನರ್ಸ್ ಫೋನನ್ನು ಕಿವಿಗೆ ಹಿಡಿದರೂ ಅದು ದೊಡ್ಡ ಸೇವೆ.

ರೋಗಿಯ ಹಣೆಗೂ ಕೈಗಳಿಗೂ ಪವಿತ್ರ ತೈಲ ಹಚ್ಚುವ ಅಭ್ಯಂಗವನ್ನು ಗುರುಗಳು ತಮ್ಮ ಕೈಯಿಂದಲೇ ಮಾಡಬೇಕಾದರೂ, ಗಂಭೀರ ಕಾರಣವಿದ್ದರೆ ಸಾಧನ ಬಳಸಬಹುದೆಂದು ಧರ್ಮಸಭಾ ಕಾನೂನು ಸಂಹಿತೆಯ 1000ನೆಯ ವಿಧಿ ಹೇಳುತ್ತದೆ. ಹೀಗಾಗಿ ಹತ್ತಿ ಸುತ್ತಿದ ಕಡ್ಡಿಯಿಂದ ತೈಲ ಹಚ್ಚಬಹುದು; ಬಳಸಿದ ಕಡ್ಡಿಯನ್ನು ಸುಡಬೇಕು. ಹಲವು ಊರುಗಳಿಗೆ ಹೋಗಬೇಕಾದ ಗುರುಗಳು ತಾವೇ ಸೋಂಕು ಹೊತ್ತೊಯ್ಯದಂತೆ ರೋಗಿಗಳ ಭೇಟಿಯನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ಉಚಿತ.

ಅಂತ್ಯಸಂಸ್ಕಾರ

ಮೃತದೇಹವನ್ನು ತೊಳೆಯುವುದು, ಅಪ್ಪುವುದು, ಚುಂಬಿಸುವುದು ಕೂಡದೆಂದು ಕೋವಿಡ್ ಕಾಲದ ಕೇಂದ್ರದ ಸೂಚನೆ ಹೇಳಿತ್ತು. ಆದರೆ ದೇಹವನ್ನು ಮುಟ್ಟದೆ ಧರ್ಮಗ್ರಂಥ ಓದಲು, ತೀರ್ಥ ಚಿಮುಕಿಸಲು, ಸಿಬ್ಬಂದಿಯ ನೆರವಿನಿಂದ ಮುಖವನ್ನು ಕೊನೆಯ ಬಾರಿ ನೋಡಲು ಅವಕಾಶವಿತ್ತು. ಈ ಅವಕಾಶ ಗೊತ್ತಿರದ ಕುಟುಂಬ ಪ್ರಾರ್ಥನೆಯೇ ಇಲ್ಲದೆ ತನ್ನವರನ್ನು ಕಳುಹಿಸಿಕೊಟ್ಟರೆ ಆ ನೋವು ಬಹುಕಾಲ ಉಳಿಯುತ್ತದೆ. ದಹನ ಅನಿವಾರ್ಯವಾದರೂ ಅಂಜಬೇಕಿಲ್ಲ, ಧರ್ಮಸಭೆ 1963ರಿಂದಲೇ ಅದಕ್ಕೆ ಅನುಮತಿ ನೀಡಿದೆ. ಚಿತಾಭಸ್ಮವನ್ನು ಮಾತ್ರ ಚೆಲ್ಲದೆ ಸಮಾಧಿಭೂಮಿಯಂಥ ಪವಿತ್ರ ಸ್ಥಳದಲ್ಲಿ ಇಡಬೇಕು. ಸೋಂಕಿನಿಂದ ಸತ್ತವರನ್ನು ಎಲ್ಲಿ ಹೂಳಬೇಕು, ಯಾರು ಹೊತ್ತೊಯ್ಯಬೇಕು ಎಂಬ ಪ್ರಶ್ನೆಗಳು ಸಾವಿನ ಮನೆಯಲ್ಲಿ ತೀರ್ಮಾನವಾಗುವಂಥವಲ್ಲ. ಆದ್ದರಿಂದ ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿಯು ಊರು ಆರೋಗ್ಯವಾಗಿರುವಾಗಲೇ ತಹಶೀಲ್ದಾರರು ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳೊಂದಿಗೆ ಮಾತನಾಡಿ, ಜಾಗವನ್ನೂ ಸ್ವಯಂಸೇವಕರ ಹೆಸರುಗಳನ್ನೂ ಗೊತ್ತುಮಾಡಿ ಬರೆದಿಡಬೇಕು.